ಚಿಗರಿಗೆ ಮಣ್ಣು ಬೇಕು

ಮಂಚದ ಪಕ್ಕದ ರಟ್ಟಿನ ಪೆಟ್ಟಿಗೆಯಲ್ಲಿ ಉಗುರು ಕೆರೆಯುವ ಸಪ್ಪಳ. ಹಿಂದೆಯೇ ಒಂದು ಸಣ್ಣ ‘ಕುಂಯ್’. ಕನ್ನಡಕ ಹುಡುಕಬೇಡಿ, ಲೈಟಿನ ಸ್ವಿಚ್ಚಿಗೆ ತಡಕಾಡಬೇಡಿ, ಅಷ್ಟು ಪುರಸೊತ್ತಿಲ್ಲ. ಬಗ್ಗಿ ನಾಯಿಮರಿಯನ್ನು ಎತ್ತಿಕೊಳ್ಳಿ, ಒಂದು ಅಂಗೈ ಎದೆಯಡಿ, ಇನ್ನೊಂದು ಹಿಂಗಾಲಿನಡಿ. ಪುಟ್ಟ ಹೊಟ್ಟೆ ಬಿಗಿದುಕೊಂಡಿರುವುದು ಕೈಗೇ ತಿಳಿಯುತ್ತದೆ. ಕೆಳಗೆ ಬಿಡದೆ ನಡೆಯಿರಿ: ನಡುಮನೆ, ಅಡಿಗೆಮನೆ, ಬಚ್ಚಲ, ಹಿತ್ತಲ ಬಾಗಿಲು. ಮಳೆಗೆ ಉಬ್ಬಿದ ಬಾಗಿಲು. ಚಿಲಕ ಒಂದೇ ಏಟಿಗೆ ಬರುವುದಿಲ್ಲ. ಭುಜ ಕೊಟ್ಟು ಒತ್ತಿ, ಸ್ವಲ್ಪ ಮೇಲಕ್ಕೆತ್ತಿ, ಎಳೆಯಿರಿ.

ಹೊರಗೆ ಧಾರವಾಡದ ಆಷಾಢ. ಮಾಳಮಡ್ಡಿಯ ಹಂಚುಗಳ ಮೇಲೆ ರಾತ್ರಿ ಹಿಡಿದ ಜಿಟಿಜಿಟಿ ಇನ್ನೂ ಬಿಟ್ಟಿಲ್ಲ. ಸ್ಟೇಶನ್ನಿನ ಕಡೆಯಿಂದ ಯಾವುದೋ ಗಾಡಿ ಸೀಟಿ ಹೊಡೆಯುತ್ತದೆ. ಮರಿಯನ್ನು ಪೇರಲ ಗಿಡದ ಬುಡಕ್ಕೆ ಇಳಿಸುತ್ತೀರಿ. ಅದು ಒಂದು ಮುಂಗಾಲು ಎತ್ತಿ ಹಿಡಿದು, ಬೆನ್ನು ಬಾಗಿಸಿ, ನಿಮ್ಮನ್ನೇ ನೋಡುತ್ತ ನಿಲ್ಲುತ್ತದೆ. ಮುಧೋಳ ತಳಿಯ ಚರ್ಮ ತೆಳು, ಕೂದಲು ಗಿಡ್ಡ. ಮಳೆ ಹನಿ ನೇರ ಮೈಗೇ ತಟ್ಟುತ್ತದೆ. ಇಂಥ ಬೇಟೆನಾಯಿ ಜಾತಿಗೆ ಮಳೆ ಎಂದರೆ ಆಗದು. ಅದು ತಿರುಗಿ ಬಾಗಿಲ ಕಡೆ ಓಡುತ್ತದೆ. ನೀವು ಅಡ್ಡ ನಿಲ್ಲುತ್ತೀರಿ.

ಒಳಗಿನಿಂದ ಅಜ್ಜಿಯ ದನಿ: ‘ಮಳ್ಯಾಗ ಯಾಕ ನಿಂದ್ರಸ್ತೀರಿ ಆ ಕೂಸಿನ್ನ? ಬಚ್ಚಲದಾಗ ಮಾಡ್ಲಿ ಬಿಡ್ರಿ. ಎರಡು ಚರಿಗಿ ನೀರು ಹಾಕಿದ್ರ ಹೋತು!’

ಈ ಸಲಹೆಯಷ್ಟು ಕರುಣೆಯದ್ದೂ ಇಲ್ಲ, ಇದರಷ್ಟು ಕೆಡಿಸುವಂಥದ್ದೂ ಇಲ್ಲ. ಯಾಕೆ ಅನ್ನುವುದು ತಿಳಿಯಬೇಕಾದರೆ ಮರಿಯ ತವರಿಗೆ ಹೋಗಬೇಕು. ಸದ್ಯಕ್ಕೆ ಮರಿಯನ್ನು ಬಾವಿಕಟ್ಟೆಯ ಮಗ್ಗುಲಿನ ತಗಡಿನ ಚಪ್ಪರದಡಿ ಇಳಿಸಿ. ಅಲ್ಲಿ ಚಾಪೆಯಷ್ಟು ಅಗಲದ ಒಣಮಣ್ಣು ಉಳಿದಿದೆ. ನಿನ್ನೆ ಅದು ತಾನೇ ಒದ್ದೆ ಮಾಡಿದ ಒಂದು ಹಿಡಿ ಮಣ್ಣನ್ನು ತೆಗೆಯದೆ ಬಿಟ್ಟಿದ್ದೀರಿ. ಮೂಗು ನೆಲಕ್ಕೆ ಹೋಯಿತು. ಒಂದು ಸುತ್ತು. ಇನ್ನೊಂದು ಸುತ್ತು. ಹಿಂಗಾಲು ಮಡಿಸಿತು.

ಈಗ ಬಾಯಿ ಬಿಡಬೇಡಿ. ನಡುವೆಯೇ ‘ಶಾಣ್ಯಾ’ ಅಂದರೆ ಅರ್ಧಕ್ಕೇ ನಿಲ್ಲಿಸಿ ನಿಮ್ಮ ಕಡೆ ಓಡಿ ಬರುತ್ತದೆ, ಉಳಿದರ್ಧ ಒಳಗೆ ಬಂದ ಮೇಲೆ ಸುರಿಯುತ್ತದೆ. ಮುಗಿಯಲಿ. ಎದ್ದು ನಿಂತ ಗಳಿಗೆಗೆ ಕಿಸೆಯಿಂದ ಪನೀರಿನ ಚೂರು ತೆಗೆದು ಬಾಯಿಗಿಡಿ. ಒಂದೆರಡು ಸೆಕೆಂಡು ತಡವಾದರೂ ಆ ಪನೀರು ಯಾವುದಕ್ಕೆ ಸಿಕ್ಕಿತೆಂದು ಅದಕ್ಕೆ ಹೊಳೆಯುವುದಿಲ್ಲ. ಅಡಿಗೆಮನೆಗೆ ಬಂದು ಕೊಟ್ಟರೆ ‘ಅಡಿಗೆಮನೆಗೆ ಬಂದದ್ದಕ್ಕೆ’ ಎಂದೇ ಅದರ ಲೆಕ್ಕ.

ಹೆಸರು ಚಿಗರಿ. ಇಟ್ಟವಳು ಮೊಮ್ಮಗಳು, ದಿನಾ ಅದೇ ಹೆಸರಿನ ಬಸ್ಸಿನಲ್ಲಿ ಹುಬ್ಬಳ್ಳಿಗೆ ಕಾಲೇಜಿಗೆ ಹೋಗುವವಳು. ಮರಿಯ ಕಾಲುಗಳು ಛತ್ರಿಯ ಕಡ್ಡಿಯ ಹಾಗಿವೆ, ಜಿಂಕೆಯ ಹೆಸರು ಒಪ್ಪುತ್ತದೆ. ಆದರೆ ‘ಚಿಗರಿ ಬಂತೇನ?’ ಎಂದು ಯಾರಾದರೂ ಕೇಳಿದರೆ ಈ ಮನೆಯಲ್ಲಿ ಇಬ್ಬರು ಬಾಗಿಲಿಗೆ ಓಡುತ್ತಾರೆ, ಒಬ್ಬರು ಫರ್ಸಿ ನೋಡುತ್ತಾರೆ.

ತವರು ಮುಧೋಳದ ಕಡೆ. ರನ್ನನ ಊರು, ಘಟಪ್ರಭೆಯ ದಂಡೆ, ಕಬ್ಬು, ಎರಿ ಹೊಲ. ಘೋರ್ಪಡೆ ಅರಸರು ಸಾಕಿ ಬೆಳೆಸಿದ ಬೇಟೆನಾಯಿಗಳ ಕುಲ. 2005ರಲ್ಲಿ ಅಂಚೆ ಇಲಾಖೆ ದೇಶಿ ನಾಯಿಗಳ ಚೀಟಿ ತಂದಾಗ ಅದರಲ್ಲಿ ಮುಧೋಳವೂ ಇತ್ತು. 2016ರಲ್ಲಿ ಸೇನೆಯವರು ಈ ಮರಿಗಳನ್ನು ತರಬೇತಿಗೆಂದು ಮೇರಠಕ್ಕೆ ಒಯ್ದರು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೂ ಉಂಟು. ಇಷ್ಟು ದೊಡ್ಡ ಮನೆತನದ ಕೂಸು ನಿನ್ನೆ ದೇವರಮನೆ ಹೊಸ್ತಿಲ ರಂಗೋಲಿಯ ಮೇಲೇ ಕೂತಿತು. ‘ಮಿಲಿಟ್ರಿ ನಾಯಿ ಅಂತ ಹೇಳಿದ್ರಿ?’ ಎಂದು ಅಜ್ಜಿ ಕೇಳಿದ್ದು ಇಡೀ ಓಣಿಗೆ ಕೇಳಿಸಿದೆ.

ಆದರೆ ಆ ತವರಿನ ಅಂಗಳವನ್ನು ಒಮ್ಮೆ ಕಣ್ಣಿಗೆ ತಂದುಕೊಳ್ಳಿ. ದನದ ಕೊಟ್ಟಿಗೆಯ ಮೂಲೆಯಲ್ಲಿ ಕಣಿಕೆಯ ಹಾಸು, ಅದರ ಮೇಲೆ ತಾಯಿ. ಹುಟ್ಟಿದ ಮೊದಲ ಎರಡು-ಮೂರು ವಾರ ಮರಿಗಳಿಗೆ ತಾವಾಗಿ ಮೂತ್ರ ಮಾಡಲೂ ಬಾರದು. ತಾಯಿ ನೆಕ್ಕಿ ಪ್ರಚೋದಿಸಬೇಕು, ತಾಯಿಯೇ ಅದನ್ನು ಶುಚಿ ಮಾಡಬೇಕು. ಮೂರನೇ ವಾರ ದಾಟಿ ಕಾಲು ಗಟ್ಟಿಯಾದದ್ದೇ ಮರಿಗಳು ಓಲಾಡುತ್ತ ಹಾಸಿನಿಂದ ಇಳಿದು ಆಚೆಗೆ ಹೋಗಿ ಕೂರುತ್ತವೆ. ಮಲಗುವ ಜಾಗ ಹೊಲಸಾಗಬಾರದು ಎಂಬುದನ್ನು ಯಾರೂ ಕಲಿಸುವುದಿಲ್ಲ, ಅದು ಹುಟ್ಟಿನೊಂದಿಗೇ ಬಂದದ್ದು. ನಾವು ಕಲಿಸುತ್ತೇವೆ ಎಂದು ಬೀಗುವ ಪಾಠದ ಮುಕ್ಕಾಲು ಪಾಲು ಆ ಕೊಟ್ಟಿಗೆಯಲ್ಲೇ ಆಗಿರುತ್ತದೆ. ಐದರಿಂದ ಎಂಟು-ಒಂಬತ್ತು ವಾರದೊಳಗೆ ಇನ್ನೊಂದು ಸಂಗತಿ ಗಟ್ಟಿಯಾಗುತ್ತದೆ: ಕೂರುವಾಗ ಪಾದದಡಿ ಏನಿತ್ತು ಅನ್ನುವುದು. ಕಣಿಕೆ ಮಲಗಲಿಕ್ಕೆ, ಮಣ್ಣು ಮಾಡಲಿಕ್ಕೆ. ಚಿಗರಿಯ ಪಾದಕ್ಕೆ ಗೊತ್ತಿರುವುದು ಇಷ್ಟೇ. ಒಳಗೆ-ಹೊರಗೆ, ದೇವರಮನೆ-ಬಚ್ಚಲು, ಮಡಿ-ಮೈಲಿಗೆ ಇವೆಲ್ಲ ನಮ್ಮ ನಕಾಶೆ.

ಎಂಟು ವಾರದ ಮೊದಲು ಮರಿಯನ್ನು ಮಾರಕೂಡದೆಂದು 2017ರ ಕೇಂದ್ರ ನಿಯಮವೂ ಹೇಳುತ್ತದೆ. ಕಾನೂನಿನ ಮಾತು ಬಿಡಿ. ತಾಯಿಯ ಬಳಿ ಅಷ್ಟು ದಿನ ಇದ್ದ ಮರಿ ಬಂದ ಮನೆಗೂ, ಪಂಜರದೊಳಗೆ ತನ್ನ ಹೊಲಸಿನಲ್ಲೇ ಮಲಗಿ ಬೆಳೆದ ಅಂಗಡಿಯ ಮರಿ ಬಂದ ಮನೆಗೂ ಇರುವ ಅಂತರ ನೆಲ ಒರೆಸುವವರಿಗೆ ಗೊತ್ತು.

ಈಗ ಈ ಮನೆಯನ್ನು ಪಾದದಿಂದ ನೋಡಿ. ಕಟ್ಟೆಗೆ ಶಹಾಬಾದ್ ಫರ್ಸಿ, ನಡುಮನೆಗೆ ಅದೇ, ಅಡಿಗೆಮನೆಗೆ ಅದೇ, ಬಚ್ಚಲಕ್ಕೂ ಅದೇ. ತಣ್ಣಗಿನ, ನುಣುಪಾದ, ಬೂದುಬಣ್ಣದ ಒಂದೇ ಕಲ್ಲು. ಬಚ್ಚಲದಲ್ಲಿ ಬಿಟ್ಟಿರೋ, ‘ಫರ್ಸಿಯ ಮೇಲೆ ಮಾಡಬಹುದು’ ಎಂದು ಇಡೀ ಮನೆಗೆ ಪರವಾನಗಿ ಕೊಟ್ಟ ಹಾಗೆ. ಅಜ್ಜಿಗೆ ಇದನ್ನು ಹೇಳಿದರೆ, ‘ನಾಯಿಗೂ ನೆಲದ ಭೇದ ತಿಳೀತದೇನು?’ ಅನ್ನುತ್ತಾರೆ. ತಿಳಿಯುವುದು ಅದೊಂದೇ.

ಬೆಳಕು ಹರಿಯಿತು. ಅಜ್ಜ ಆರಾಮ ಕುರ್ಚಿಯಲ್ಲಿ ಸಂಯುಕ್ತ ಕರ್ನಾಟಕ ಬಿಡಿಸಿದ್ದಾರೆ. ಚಿಗರಿಯ ಬಟ್ಟಲಿಗೆ ನೆನೆಸಿದ ಆಹಾರ ಬಿತ್ತು. ಗಡಿಯಾರ ಈಗ ನೋಡಿ. ಹೊಟ್ಟೆಗೆ ಅನ್ನ ಬಿದ್ದೊಡನೆ ಕರುಳು ಕೆಲಸಕ್ಕೆ ಏಳುತ್ತದೆ. ಐದು ನಿಮಿಷದಿಂದ ಅರ್ಧ ತಾಸಿನೊಳಗೆ ಮರಿ ಹೊರಗೆ ಇರಲೇಬೇಕು. ಹೊತ್ತಿಗೆ ಸರಿಯಾಗಿ ಊಟ ಕೊಟ್ಟರೆ ಹೊತ್ತಿಗೆ ಸರಿಯಾಗಿ ಆಚೆಗೂ ಹೋಗುತ್ತದೆ. ಬಟ್ಟಲು ದಿನವಿಡೀ ತುಂಬಿಟ್ಟ ಮನೆಯಲ್ಲಿ ಯಾವ ಲೆಕ್ಕವೂ ಹತ್ತುವುದಿಲ್ಲ.

ನೀವು ಚಹಾ ಸೋಸುವ ಆ ಒಂದು ನಿಮಿಷದಲ್ಲೇ ಅಜ್ಜ ಓದಿ ಮುಗಿಸಿದ ಪುಟವನ್ನು ಕುರ್ಚಿಯ ಪಕ್ಕ ಕೆಳಗೆ ಬಿಟ್ಟರು. ಚಿಗರಿ ಬಟ್ಟಲ ಬಿಟ್ಟು ತಲೆಯೆತ್ತಿತು. ಇಡೀ ನಡುಮನೆ ದಾಟಿ, ಅತ್ತಿತ್ತ ನೋಡದೆ, ನೇರ ಹೋಗಿ ಆ ಪುಟದ ನಟ್ಟನಡುವೆ ಕೂತಿತು.

‘ಏ, ಏ! ಅಗ್ರಲೇಖನ ಅದು!’

ಕಾಗದ ಹಾಸಿ ಕಲಿಸುವ ರೂಢಿ ಎಲ್ಲ ಊರಲ್ಲೂ ಇದೆ. ಬಂದ ಹೊಸತರಲ್ಲಿ ಮಗ ಇಲ್ಲೂ ಬಾಗಿಲ ಬಳಿ ಹಳೆಯ ಪೇಪರು ಹಾಸಿದ್ದ, ಮರಿ ಜಾಣೆ, ಕಲಿತುಬಿಟ್ಟಿತು. ಪೇಪರಿನ ಮೇಲೆ ಮಾಡಬೇಕು ಎಂದೇ ಕಲಿತದ್ದು. ನಿನ್ನೆಯ ಪೇಪರಿಗೆ ಬರುತ್ತದೆ, ಇವತ್ತಿನದಕ್ಕೆ ಬಾರದು ಎಂದು ಅದಕ್ಕೆ ಹೇಳುವುದು ಹೇಗೆ? ಅಜ್ಜನ ಸಿಟ್ಟಿಗೂ ಅರ್ಥವಿದೆ, ಮರಿಯ ಅಚ್ಚರಿಗೂ ಅರ್ಥವಿದೆ. ಕಾಗದ ಎತ್ತಿಬಿಡಿ, ಇನ್ನು ಹಾಸಬೇಡಿ. ಹಿತ್ತಲು ಇರುವವರಿಗೆ ಕಾಗದದ ಹಂತವೇ ಬೇಡ.

ಹತ್ತು ಗಂಟೆಗೆ ಓಣಿಯ ಹಿರಿಯರೊಬ್ಬರು ಬರುತ್ತಾರೆ. ನಾಯಿ ಸಾಕಿ ಅನುಭವವಿದ್ದವರು, ದನಿ ದೊಡ್ಡದು. ಬಗ್ಗಿ, ಎರಡೂ ಕೈ ಚಾಚಿ, ‘ಏನ್ಲೇ ಮುಧೋಳ್ಯಾ!’ ಎಂದರು. ಚಿಗರಿ ಕಿವಿ ಹಿಂದಕ್ಕೆ ಮಡಿಸಿ, ಹೊಟ್ಟೆ ನೆಲಕ್ಕೆ ಹಚ್ಚಿ, ಅಲ್ಲೇ ನಾಲ್ಕು ಹನಿ ಸುರಿಸಿತು. ಇದು ಪಾಠ ತಪ್ಪಿದ್ದಲ್ಲ. ದೊಡ್ಡವರ ಮುಂದೆ ಮರಿ ಹೇಳುವ ‘ನಾನು ಸಣ್ಣಾಕಿ, ಏನೂ ಮಾಡಬ್ಯಾಡ್ರಿ’ ಎಂಬ ಮಾತು. ಬೈದರೆ ಇನ್ನೂ ನಾಲ್ಕು ಹನಿ. ಅವರನ್ನು ಕುರ್ಚಿಗೆ ಕೂರಿಸಿ, ಮರಿಯ ಕಡೆ ನೋಡದೆ ಚಹಾ ಕುಡಿಯಲು ಹೇಳಿ. ತಾನಾಗೇ ಬಂದು ಪಾದ ಮೂಸುತ್ತದೆ.

ಚಹಾದ ಜೊತೆ ಸಲಹೆಯೂ ಬರುತ್ತದೆ: ‘ಮೂಗು ಹಿಡದು ಅದರಾಗ ತಿಕ್ಕ್ರಿ, ಪೇಪರ್ ಸುತ್ತಿ ಎರಡು ಕೊಡ್ರಿ. ನಮ್ಮದು ಹಂಗs ಕಲ್ತದ್ದು.’

ಅವರ ನಾಯಿ ಕಲಿತಿರಬಹುದು, ಹೊಡೆತದಿಂದಲ್ಲ, ವಯಸ್ಸಿನಿಂದ. ಆರು ತಿಂಗಳಾಗುವಷ್ಟರಲ್ಲಿ ಬಹುತೇಕ ಮರಿಗಳು ಹೇಗೂ ತಡೆದುಕೊಳ್ಳಲು ಶಕ್ತವಾಗುತ್ತವೆ, ಪುಣ್ಯ ಮಾತ್ರ ಸುತ್ತಿದ ಪೇಪರಿಗೆ ಹೋಗುತ್ತದೆ. ಹೊಡೆತ ತಿಂದ ಮರಿ ಕಲಿಯುವುದು ಒಂದೇ: ಇವರ ಕಣ್ಣೆದುರು ಮಾಡಬಾರದು. ಆಮೇಲೆ ಟ್ರಂಕಿನ ಹಿಂದೆ, ಮಂಚದಡಿ, ಅಕ್ಕಿ ಚೀಲದ ಮರೆಯಲ್ಲಿ ಮಾಡುತ್ತದೆ. ಇನ್ನೂ ಕೆಟ್ಟದ್ದೆಂದರೆ ಹಿತ್ತಲಿನಲ್ಲಿ ನೀವು ಪಕ್ಕ ನಿಂತರೆ ಅಲ್ಲೂ ಮಾಡುವುದಿಲ್ಲ. ಹಿರಿಯರ ಮುಂದೆ ಇದನ್ನೆಲ್ಲ ಹೇಳಲಾದೀತೇ? ‘ಹೂಂರೀ’ ಎನ್ನಿ, ಚಹಾ ಇನ್ನೊಂದು ಅರ್ಧ ಕಪ್ಪು ಹಾಕಿ. ಹೋಗುವಾಗ ಅವರು ಕಿಸೆಯಿಂದ ಪೇಡಾದ ಪೊಟ್ಟಣ ತೆಗೆದರೆ ಮಾತ್ರ ಸುಮ್ಮನಿರಬೇಡಿ. ಧಾರವಾಡದಲ್ಲಿ ಪೇಡಾ ಬೇಡವೆಂದವರಿಲ್ಲ, ಆದರೆ ಹಾಲು-ಸಕ್ಕರೆ ಬಿದ್ದ ಮರಿಯ ಹೊಟ್ಟೆ ಸಂಜೆಯೊಳಗೆ ಸಡಿಲಾಗುತ್ತದೆ; ಹೊಟ್ಟೆ ಸಡಿಲಾದ ಮರಿಗೆ ಯಾವ ಪಾಠವೂ ನೆನಪಿರುವುದಿಲ್ಲ. ಜಂತಿನದೂ ಅದೇ ಕಥೆ. ಎರಡು ವಾರಕ್ಕೊಮ್ಮೆ ಜಂತಿನ ಔಷಧ ಕೊಡಿ ಎಂದು ಡಾಕ್ಟರು ಹೇಳಿದ್ದನ್ನು ಕ್ಯಾಲೆಂಡರಿನಲ್ಲಿ, ಅಜ್ಜಿಯ ಏಕಾದಶಿ ಗುರುತಿನ ಪಕ್ಕದಲ್ಲೇ ಬರೆದಿಟ್ಟಿದೆ. ಮೇಲಿಂದ ಮೇಲೆ ಹನಿ ಹನಿಯಾಗಿ ಮಾಡುತ್ತಿದ್ದರೆ ಅದು ಉಡಾಳತನವಲ್ಲ, ಮೂತ್ರದ ಸೋಂಕಿರಬಹುದು. ಹಿರಿಯರನ್ನು ಬಿಟ್ಟು ಪಶುವೈದ್ಯರನ್ನು ಕೇಳಬೇಕು.

ಮಧ್ಯಾಹ್ನ ಎಲ್ಲರಿಗೂ ಒಂದು ಜೊಂಪು. ಚಿಗರಿ ಎದ್ದದ್ದು ಯಾರಿಗೂ ಗೊತ್ತಾಗಲಿಲ್ಲ. ಅಂಗಾಲಿಗೆ ತಣ್ಣಗೆ ತಗುಲಿದಾಗಲೇ ತಿಳಿದದ್ದು, ಅಡಿಗೆಮನೆಯ ಬಾಗಿಲ ಬಳಿ. ಕೂಗಾಡಬೇಡಿ, ಆಗಿ ಹೋದ ಮೇಲೆ ಬೈದದ್ದು ಯಾತಕ್ಕೆಂದು ಅದಕ್ಕೆ ತಿಳಿಯದು. ಹಳೆಯ ಪಂಚೆಯ ತುಂಡು ಹಾಕಿ ಹೀರಿಸಿ, ಒತ್ತಿ, ಮತ್ತೆ ಒಣ ತುಂಡು. ಅಜ್ಜಿ ಫಿನೈಲ್ ಬಾಟಲಿ ಹಿಡಿದು ಬಂದಿದ್ದಾರೆ. ಫಿನೈಲ್ ನಮ್ಮ ಮೂಗಿಗೆ ಮೋಸ ಮಾಡುತ್ತದೆ, ಅಷ್ಟೇ. ವಾಸನೆ ಹಿಡಿಯುವ ಜೀವಕೋಶಗಳು ನಮಗೆ 50-60 ಲಕ್ಷ ಇದ್ದರೆ ನಾಯಿಗೆ 20 ಕೋಟಿಗೂ ಮಿಗಿಲು; ಫಿನೈಲಿನ ಕೆಳಗೆ ನಿನ್ನೆಯ ಗುರುತು ಅದಕ್ಕೆ ಸ್ಪಷ್ಟ. ಮೇಲಾಗಿ ನೆಲ ನೆಕ್ಕುವ ಮರಿಗೆ ಅದು ವಿಷ. ಅಮೋನಿಯ ಇರುವ ಕ್ಲೀನರಂತೂ ಮೂತ್ರದ ವಾಸನೆಗೆ ಇನ್ನಷ್ಟು ಕರೆಯೋಲೆ. ಮೂತ್ರವನ್ನು ಒಡೆಯುವ ಕಿಣ್ವದ ದ್ರಾವಣ ಸಾಕುಪ್ರಾಣಿ ಅಂಗಡಿಗಳಲ್ಲಿ ಸಿಗುತ್ತದೆ; ಅದಿಲ್ಲದ ದಿನ ಬಿಳಿ ವಿನೆಗರ್ ನೀರಿಗೆ ಬೆರೆಸಿ ಒರೆಸಿದರೂ ತಕ್ಕಮಟ್ಟಿಗೆ ಆಗುತ್ತದೆ.

‘ಎರಡು ಬಕೀಟು ಸುರುವಿ ತೊಳದ್ರ ಹೋಗ್ತದಲ್ಲ?’ ಎಂದು ಮೊಮ್ಮಗಳು ಕೇಳಿದ್ದೇ ತಡ, ಅಜ್ಜಿ ತಿರುಗಿ ನಿಂತರು. ‘ನಳಾ ಬಂದು ಎಷ್ಟು ದಿನಾ ಆತು, ಗೊತ್ತದನ ನಿನಗ?’ ಮಲಪ್ರಭೆಯ ನೀರು ಹುಬ್ಬಳ್ಳಿ-ಧಾರವಾಡದ ಎಷ್ಟೋ ಓಣಿಗಳಿಗೆ ವಾರಕ್ಕೊಮ್ಮೆ ಬಂದರೆ ಪುಣ್ಯ ಎನ್ನುವ ಕಾಲ ಈ ಊರವರಿಗೆ ಅಭ್ಯಾಸವಾಗಿಹೋಗಿದೆ. ಇಲ್ಲಿ ಮರಿಯ ಒಂದು ತಪ್ಪಿನ ಬೆಲೆ ನೀರಿನ ಕೊಡಗಳ ಲೆಕ್ಕದಲ್ಲಿ. ಈ ಮನೆ ಇಷ್ಟು ಶ್ರದ್ಧೆಯಿಂದ ಪಾಠ ಹೇಳುವುದಕ್ಕೆ ಪ್ರಾಣಿಪ್ರೀತಿ ಒಂದು ಕಾರಣ. ನೀರಿನ ಹಂಡೆ ಇನ್ನೊಂದು.

ಸಂಜೆ ಹುಬ್ಬಳ್ಳಿಗೆ ಬನ್ನಿ. ಬಸ್ಸು ನವನಗರ ದಾಟಿ ಉಣಕಲ್ ಕೆರೆಯ ಪಕ್ಕ ಸಾಗುತ್ತದೆ. ಧಾರವಾಡದ ಕೆಂಪು ನೆಲ ಹಿಂದೆ ಉಳಿಯಿತು, ಇನ್ನು ನವಲಗುಂದದ ತನಕ ಕರಿ ಎರಿ. ವಿದ್ಯಾನಗರದ ಅಪಾರ್ಟ್‌ಮೆಂಟ್, ನಾಲ್ಕನೇ ಮಹಡಿ. ಮೊಮ್ಮಗಳ ಗೆಳತಿಯ ಮನೆಯಲ್ಲೂ ಒಂದು ಮರಿ ಬಂದಿದೆ, ದುಂಡಗಿನ ಲ್ಯಾಬ್ರಡಾರ್. ಇಲ್ಲಿ ಮಣ್ಣೆಂಬುದು ತುಳಸಿ ಕುಂಡದಲ್ಲಿ ಮಾತ್ರ. ಕೆಳಗಿನ ಅಂಗಳಕ್ಕೂ ಸಿಮೆಂಟಿನ ಬ್ಲಾಕು. ಮರಿ ಎದ್ದಿತೆಂದು ಚಪ್ಪಲಿ ಹಾಕಿ, ಲಿಫ್ಟಿನ ಗುಂಡಿ ಒತ್ತಿ, ಲಿಫ್ಟು ಬರುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಲಿಫ್ಟಿನೊಳಗೆ ಆಯಿತೋ, ಸಂಜೆಗೆ ನೋಟಿಸು. ಮರಿ ತಡೆಯಬಲ್ಲ ಹೊತ್ತಿಗೆ ತಿಂಗಳಿಗೊಂದು ತಾಸು ಎಂಬ ಸ್ಥೂಲ ಲೆಕ್ಕವಿದೆ: ಎರಡು ತಿಂಗಳಿಗೆ ಎರಡು ತಾಸು, ಅದೂ ಮಲಗಿದ್ದರೆ. ಆಟವಾಡುವಾಗ ಆ ಲೆಕ್ಕವೂ ಇಲ್ಲ. ಅಲ್ಲದೆ ಲಸಿಕೆಗಳು ಪೂರ್ತಿಯಾಗುವ ತನಕ ಬೀದಿನಾಯಿಗಳು ಓಡಾಡುವ ಜಾಗಕ್ಕೆ ಇಳಿಸುವ ಹಾಗಿಲ್ಲ, ಪಾರ್ವೊ ವೈರಾಣು ನೆಲದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ.

ಗೆಳತಿಯ ತಾಯಿ ಬಾಲ್ಕನಿಯ ಬಾಗಿಲು ತೆರೆದು ತೋರಿಸುತ್ತಾರೆ. ಒಂದು ಅಗಲವಾದ ಪ್ಲಾಸ್ಟಿಕ್ ಟ್ರೇ, ಅದರಲ್ಲಿ ಬೊಗಸೆಯಾಳದ ಮಣ್ಣು, ಮೇಲೆ ನರ್ಸರಿಯಿಂದ ತಂದ ಹುಲ್ಲಿನ ಹಾಸು. ‘ಮನ್ಯಾಗ ಎಲ್ಲಾ ಟೈಲ್ಸ್. ಅದಕ್ಕ ಟೈಲ್ಸ್ ಬಿಟ್ಟು ಏನರ ಬ್ಯಾರೆ ಬೇಕಲ್ಲರೀ.’ ಎರಡು ಮಾತಿನಲ್ಲಿ ಅವರು ಇಡೀ ವಿದ್ಯೆ ಹೇಳಿಬಿಟ್ಟರು. ಲಸಿಕೆ ಮುಗಿದ ಮೇಲೆ ಇದೇ ಹುಲ್ಲಿನ ತುಂಡನ್ನು ಕೆಳಗಿನ ಗಿಡದ ಬುಡಕ್ಕೆ ಒಯ್ದು ಹಾಕುವ ವಿಚಾರವಿದೆ. ಮರಿ ತನ್ನ ಗುರುತಿನ ಹಿಂದೆ ತಾನೇ ಇಳಿಯುತ್ತದೆ. ಮೂಲೆಯಲ್ಲಿ ಹುಲ್ಲು ಹಳದಿಯಾದ ಜಾಗ ನೋಡಿ, ದಿನಾ ಅಲ್ಲೇ ಹೋಗುತ್ತದೆ. ಹಳೆಯ ಮನೆ ಕೆಡವಿ, ಅಂಗಳಕ್ಕೆಲ್ಲ ಬ್ಲಾಕು ಹಾಕಿಸಿ, ಆಮೇಲೆ ನಾಯಿ ಕಲಿಯುತ್ತಿಲ್ಲ ಎನ್ನುವ ಮಾಳಮಡ್ಡಿಯ ಕೆಲವರನ್ನು ಇಲ್ಲಿಗೆ ಕರೆತರಬೇಕು.

ರಾತ್ರಿ. ಚಿಗರಿಗೆ ಎಂಟಕ್ಕೆ ಊಟ, ಹತ್ತಕ್ಕೆ ಹಿತ್ತಲು, ಆಮೇಲೆ ಪೆಟ್ಟಿಗೆ. ಪೆಟ್ಟಿಗೆ ಮರಿ ತಿರುಗಿ ಮಲಗುವಷ್ಟೇ ದೊಡ್ಡದು. ಹೆಚ್ಚು ಜಾಗವಿದ್ದರೆ ಒಂದು ಮೂಲೆ ಮಲಗಲು, ಇನ್ನೊಂದು ಮೂಲೆ ಬೇರೆ ಕೆಲಸಕ್ಕೆ ಆಗುತ್ತದೆ. ಮರಿಯನ್ನು ಹಿತ್ತಲಿಗೆ ಕರೆಯುವ ಮಾತೊಂದು ಇನ್ನೂ ಇತ್ಯರ್ಥವಾಗಿಲ್ಲ. ಅಜ್ಜ ‘ಹಿತ್ತಲಕ ನಡಿ’ ಅನ್ನುತ್ತಾರೆ, ಮೊಮ್ಮಗಳು ‘ಪಾಟಿ, ಪಾಟಿ’, ಮಗ ಸೀಟಿ ಹೊಡೆಯುತ್ತಾನೆ. ಅಜ್ಜಿ ಮಾತ್ರ ಏನೂ ಅನ್ನುವುದಿಲ್ಲ, ಮಡಿಸೀರೆಯ ನೆರಿಗೆ ಎತ್ತಿ ಹಿಡಿದು ದೂರ ಸರಿಯುತ್ತಾರೆ.

ಎರಡೂವರೆಗೆ ಓಣಿ ಎದ್ದುಬಿಟ್ಟಿತು. ‘ನಳಾ ಬಂತs!’ ಎಲ್ಲ ಮನೆಗಳ ಲೈಟು ಹತ್ತಿದವು, ಮೋಟರುಗಳು ಗುಂಯ್ ಅಂದವು. ಅಜ್ಜಿ ಮುಂಚೂಣಿಯಲ್ಲಿ: ಹಂಡೆ, ಕೊಡ, ಬಕೀಟು, ಪಾತೇಲಿ, ಕೊನೆಗೆ ಒಗ್ಗರಣೆ ಬೋಗುಣಿಯೂ. ಮಗ ಪೈಪು ಹಿಡಿದು ಟಾಕಿಯ ಮೇಲೆ, ಮೊಮ್ಮಗಳು ಕೊಡ ಎತ್ತುವ ಸಾಲಿನಲ್ಲಿ, ಅಜ್ಜ ಟಾರ್ಚು ಹಿಡಿದು ಎಲ್ಲರಿಗೂ ಅಡ್ಡ. ಈ ಗದ್ದಲದಲ್ಲಿ ಚಿಗರಿ ಪೆಟ್ಟಿಗೆ ದಾಟಿ ಬಂದದ್ದು ಯಾರ ಕಣ್ಣಿಗೂ ಬೀಳಲಿಲ್ಲ. ನೀವೂ ಕೊಡ ಹೊತ್ತಿದ್ದೀರಿ.

ಅದು ಅಡಿಗೆಮನೆ ದಾಟಿತು. ಬಚ್ಚಲ ದಾಟಿತು, ಒದ್ದೆ ಫರ್ಸಿಯ ಮೇಲೆ ಕಾಲು ಜಾರಿಸುತ್ತ. ಹಿತ್ತಲ ಬಾಗಿಲ ಮುಂದೆ ನಿಂತಿತು. ಬೊಗಳಲಿಲ್ಲ, ಕುಂಯ್ ಅನ್ನಲಿಲ್ಲ. ಈ ತಳಿ ಮಾತು ಕಡಿಮೆ. ಬಾಗಿಲಿನ ಸಂದಿಗೆ ಮೂಗು ಹಚ್ಚಿ, ಹಿಂದಿರುಗಿ ಮನೆಮಂದಿಯನ್ನೊಮ್ಮೆ ನೋಡಿ, ಮತ್ತೆ ಸಂದಿಗೆ ಮೂಗು ಹಚ್ಚಿತು. ಬಚ್ಚಲದ ಕೊಡ ತುಂಬಿಸುತ್ತ ನಿಂತಿದ್ದ ಅಜ್ಜಿ ಅದನ್ನು ನೋಡಿದರು. ಯಾರನ್ನೋ ಕರೆಯಲು ಬಾಯಿ ತೆರೆದರು. ಕರೆಯಲಿಲ್ಲ. ಪೈಪನ್ನು ಕೊಡದಲ್ಲಿ ಬಿಟ್ಟು, ಸೀರೆ ಮೊಣಕಾಲಿಗೆ ಸಿಕ್ಕಿಸಿ, ಭುಜ ಕೊಟ್ಟು, ಎತ್ತಿ, ಚಿಲಕ ಎಳೆದರು.

‘ನಡೀ ನಮ್ಮವ್ವಾ, ಲಗೂನ ನಡಿ.’

ಮರಿ ಚಪ್ಪರದಡಿಗೆ ಓಡಿತು. ಅಜ್ಜಿ ಹೊಸ್ತಿಲಲ್ಲೇ ನಿಂತು, ಮಳೆಯಲ್ಲಿ ಕಣ್ಣು ಕಿರಿದು ಮಾಡಿ ನೋಡುತ್ತ, ಒಳಗಿನವರಿಗೆಲ್ಲ ಕೇಳುವ ಹಾಗೆ ಕೂಗಿದರು: ‘ಮಾಡಿದ್ಲು, ಮಾಡಿದ್ಲು! ಆ ಪನೀರ ಎಲ್ಲಿಟ್ಟೀರಿ, ತರ್ರಿ! ಮತ್ತ ಯಾರರ ಆ ಪೈಪು ತಗೀರಿ, ಕೊಡಾ ತುಂಬಿ ಹರೀಲಿಕ್ಹತ್ತೇದ!’